ತನ್ನ ಸೇವೆಯಲ್ಲೇ ತಾನು ಮುಳುಗಿದ ಲೇತ್ ಯಂತ್ರಕ್ಕೆ, ಚಹಾ ಹಂಡೆಯ ನಲ್ಲಿಯ ವಿಷಯವಾಗಿ

ವಿಮ್ಮೆರಾ ಸೀಮೆಯ ಕೂಲಬಿನ್ ಊರಿನ ಹಿಂಬೀದಿಯಲ್ಲಿ, ತಗಡಿನ ಷೆಡ್ಡಿನೊಳಗೆ, ಕಾಂಕ್ರೀಟು ಪೀಠದ ಮೇಲೆ ವಿರಾಜಮಾನರಾಗಿರುವ ನೀಲಿ ಬಣ್ಣದ ಶ್ರೀಮಾನ್ ಚಿಕ್ಕ ಲೇತ್ ಯಂತ್ರದವರ ಸನ್ನಿಧಾನಕ್ಕೆ, ಅದೇ ಷೆಡ್ಡಿನ ಸಂಬಳವಿಲ್ಲದ ಆಳು ಆರ್ಚಿ ಪೆಂಗಲಿ ಟೋಪಿ ತೆಗೆದು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಚೆನ್ನಾಗಿ ಬಲ್ಲೆ. ಇಂದು ಬೆಳಿಗ್ಗೆ ತಮ್ಮ ಮೈಗೆಲ್ಲ ಎಣ್ಣೆ ಸವರಿ, ನನ್ನ ಹಳೆಯ ಉಣ್ಣೆಯ ಅಂಗಿ ಹೊದಿಸಿ, ತೇವ ತಾಗಿ ತುಕ್ಕು ಹಿಡಿಯದಿರಲೆಂದು ಪಕ್ಕದಲ್ಲೊಂದು ಬಲ್ಬು ಉರಿಸಿಟ್ಟು ಬಂದವನು ನಾನೇ ಆದ್ದರಿಂದ ಈ ವಿಷಯದಲ್ಲಿ ನನಗೆ ಸಂಶಯವಿಲ್ಲ. ನನ್ನ ಕ್ಷೇಮವನ್ನು ತಾವು ಈ ಐದು ವರ್ಷಗಳಲ್ಲಿ ಒಮ್ಮೆಯೂ ವಿಚಾರಿಸಿದವರಲ್ಲ. ದೊಡ್ಡವರು ಚಿಕ್ಕವರನ್ನು ವಿಚಾರಿಸಲೇಬೇಕೆಂಬ ನಿಯಮವೇನೂ ಇಲ್ಲವಾದ್ದರಿಂದ ಅದನ್ನು ದೂರಿಗೆ ಸೇರಿಸಿಲ್ಲ. ಆದರೆ ಕಳೆದ ವಾರ ನಮ್ಮೂರ ಕೃಷಿ ಮೇಳದಲ್ಲಿ ನನ್ನ ಅಕ್ಕ ಡಲ್ಸಿಯ ಚಹಾ ಗುಡಾರ ಉಳಿಯುವುದೋ ಹೋಗುವುದೋ ಎಂಬುದು ಒಂದು ಹಿತ್ತಾಳೆ ನಲ್ಲಿಯ ಮೇಲೆ ನಿಂತಿದ್ದಾಗ ತಾವು ನಡೆದುಕೊಂಡ ರೀತಿಯನ್ನು ಮಾತ್ರ ಸಾರ್ವಜನಿಕರ ಮುಂದಿಡದೆ ಇರಲಾರೆ. ಈ ಪತ್ರದ ಒಂದು ಪ್ರತಿಯನ್ನು ತಮ್ಮ ಮೋಟರಿನ ಮುಚ್ಚಳಕ್ಕೂ ಇನ್ನೊಂದನ್ನು ಊರ ಬೇಕರಿಯ ಬಾಗಿಲಿಗೂ ಅಂಟಿಸಿದ್ದೇನೆ.

ತಮ್ಮ ಕುಲಕಸುಬು ಏನೆಂಬುದನ್ನು ಬೇಕರಿಯ ಬಾಗಿಲಲ್ಲಿ ನಿಂತು ಓದುವವರಿಗಾಗಿ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ತಮಗೂ ಮರೆತುಹೋಗಿದ್ದರೆ ಅನುಕೂಲವಾದೀತು. ಕಬ್ಬಿಣದ್ದೋ ಹಿತ್ತಾಳೆಯದೋ ಒಂದು ಸರಳನ್ನು ಕಚ್ಚಿ ಹಿಡಿದು ಗಿರ್ರನೆ ತಿರುಗಿಸುವುದು, ನಾನು ಕೈಚಕ್ರ ತಿರುಗಿಸಿದಷ್ಟು ಉಳಿಯನ್ನು ಅದರ ಮೈಗೆ ಒತ್ತುವುದು, ಹೀಗೆ ಕಡೆದು ಕಡೆದು ಮನುಷ್ಯರಿಗೆ ಬೇಕಾದ ದುಂಡು ವಸ್ತುಗಳನ್ನು ಕೊಡುವುದು, ಇಷ್ಟೇ. ಈ ವಾಕ್ಯದಲ್ಲಿ 'ಮನುಷ್ಯರಿಗೆ' ಎಂದು ಬರೆದಿರುವುದನ್ನು ತಾವು ಗಮನಿಸಬೇಕಾಗಿ ಪ್ರಾರ್ಥನೆ. ಇನ್ನು ನನ್ನ ಯೋಗ್ಯತೆ. ನಾನು ಓದಿದ್ದು ಆರು ತರಗತಿಗೂ ಒಬ್ಬರೇ ಮೇಷ್ಟರಿದ್ದ, ಮಳೆ ಬಂದರೆ ಕುರಿಗಳೂ ಒಳಗೆ ಬರುತ್ತಿದ್ದ ಹಳ್ಳಿ ಶಾಲೆಯಲ್ಲಿ. ಗುಣಾಕಾರದಲ್ಲಿ ನಾನೇ ಮೊದಲಿಗ, ಭಾಗಾಕಾರದಲ್ಲಂತೂ ಎದುರಿಲ್ಲ. ಎರಡರಲ್ಲಿ ಯಾವುದನ್ನು ಯಾವಾಗ ಮಾಡಬೇಕೆಂಬ ಪಾಠ ನಡೆದ ವಾರ ಮಾತ್ರ ಉಣ್ಣೆ ಕತ್ತರಿಸುವ ಕೆಲಸಕ್ಕೆ ಅಪ್ಪನ ಜೊತೆ ಹೋಗಿದ್ದೆ. ಆದರೂ ಗೋಧಿ ಕೊಯ್ಯುವ ಯಂತ್ರವೊಂದನ್ನು ಬೇಲಿ ತಂತಿಯಿಂದ ಹೊಲಿದು ಮೂರು ಸುಗ್ಗಿ ಓಡಿಸಿದವನು ಈ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ಮುಂದೆ ಬರಲಿ.

ತಮ್ಮನ್ನು ನಾನು ಆರಿಸಿಕೊಂಡ ಬಗೆ ನೆನಪಿದೆಯೇ? ನನ್ನ ಎದುರು ಎರಡು ದಾರಿಗಳಿದ್ದವು. ಪಕ್ಕದ ಹಳ್ಳಿಯಲ್ಲಿ ಜಮೀನು ಮಾರಿ ಹೊರಟವರೊಬ್ಬರ ಸಾಮಾನು ಹರಾಜಿನಲ್ಲಿ, ಬೇಲಿ ಗೂಟಗಳ ರಾಶಿಯ ಪಕ್ಕ, ಎಮ್ಮೆಯಂತೆ ಕಪ್ಪಗೆ ಕೂತಿದ್ದ ಹಳೆಯ ಲೇತ್ ಒಂದು. ಇನ್ನೊಂದು, ಯಂತ್ರ ಮಾರುವವರ ಬಣ್ಣದ ಪುಸ್ತಕದ ಹನ್ನೆರಡನೇ ಪುಟದಲ್ಲಿ ಆಕಾಶನೀಲಿಯಲ್ಲಿ ಮಿನುಗುತ್ತಿದ್ದ ತಾವು. ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆದು ನಿವೃತ್ತನಾದ ಪಕ್ಕದ ಮನೆಯ ನೆವಿಲ್ ಟ್ರಾಸ್ಕ್ ನನ್ನ ತೋಳು ಹಿಡಿದುಕೊಂಡು ಕೇಳದೆಯೇ ಬುದ್ಧಿ ಹೇಳಿದ.

"ಬಣ್ಣ ನೋಡಿ ಹೆಣ್ಣು ನೋಡೋ ವಯಸ್ಸಲ್ಲ ನಿಂದು, ಆರ್ಚಿ. ಹಳೇದ್ರ ಮುಂದೆ ಬಗ್ಗಿ ನಿಂತ್ಕೋ. ಸರಳು ಹಿಡಿಯೋ ಚಕ್ಕನ್ನ ಎರಡೂ ಕೈಲಿ ಹಿಡಿದು ಅಲ್ಲಾಡ್ಸಿ ನೋಡು, ಗಡಗಡ ಅಂದ್ರೆ ಬಿಟ್ಬಿಡು. ಅನ್ನಲಿಲ್ವಾ, ತಗೋ. ಮೈ ಭಾರ ಇದ್ರೆ ನಡುಗಲ್ಲ, ನಡುಗ್ದಿದ್ರೆ ಸುಳ್ಳು ಹೇಳಲ್ಲ. ಎಲ್ಲಕ್ಕಿಂತ ಮೊದಲು, ನಿಂಗೆ ಏನು ಮಾಡಕ್ಕೆ ಬೇಕು ಅಂತ ತೀರ್ಮಾನ ಮಾಡ್ಕೋ."

"ಮೊದಲು ಯಂತ್ರ ಬರ್ಲಿ ಕಣಯ್ಯ. ಏನು ಮಾಡ್ಬೇಕು ಅಂತ ಅದೇ ಹೇಳುತ್ತೆ," ಎಂದೆ ನಾನು.

ನನ್ನ ಮಾತನ್ನು ತಾವು ಉಳಿಸಿಕೊಟ್ಟಿರಿ. ಪೆಟ್ಟಿಗೆಯಿಂದ ಹೊರಬಂದ ದಿನದಿಂದ ಏನು ಮಾಡಬೇಕೆಂದು ತಾವೇ ಹೇಳುತ್ತಾ ಬಂದಿದ್ದೀರಿ, ನಾನು ಮಾಡುತ್ತಾ ಬಂದಿದ್ದೇನೆ.

ಮೊದಲನೇ ವರ್ಷ ತಾವು ನಡುಗಿದಿರಿ. ತಮಗೆ ಕಾಂಕ್ರೀಟು ಪೀಠ ಹಾಕಿಸಿದೆ. ನನ್ನ ಮನೆಯ ಅಡಿಪಾಯ ಇಂದಿಗೂ ಮರದ ದಿಮ್ಮಿಗಳ ಮೇಲಿದೆ ಎಂಬುದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಎರಡನೇ ವರ್ಷ ತಮ್ಮ ಪ್ಲಾಸ್ಟಿಕ್ ಗೇರು ಮುರಿಯಿತು. ಉಳಿ ಎಲ್ಲಾದರೂ ಸಿಕ್ಕಿಕೊಂಡಾಗ ತಾನು ಮುರಿದು ಮೋಟರನ್ನು ಉಳಿಸಲಿ ಎಂದೇ ಅದನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿರುತ್ತಾರೆಂದು ನೆವಿಲ್ ಹೇಳಿದ. ತಮ್ಮಂಥವರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಇರುವುದು ಅವಮಾನವೆಂದು ನಾನು ಉಕ್ಕಿನದನ್ನೇ ಹಾಕಿಸಿದೆ. ಮುಂದಿನ ಸಲ ಗೇರು ಮುರಿಯಲಿಲ್ಲ, ನಾನು ಗೆದ್ದೆ. ಮೋಟರು ಸುಟ್ಟು ಷೆಡ್ಡಿನ ತುಂಬ ಹೊಗೆ ತುಂಬಿದ್ದು ಬೇರೆ ಮಾತು. ಮೂರನೇ ವರ್ಷ ಹೊಸ ಮೋಟರು, ಹೊಸ ಮೋಟರಿಗೆ ಹೊಸ ಬೇರಿಂಗು, ಹೊಸ ಬೇರಿಂಗಿಗೆ ಹೊಸ ಬೆಲ್ಟು, ಬೆಲ್ಟಿಗೆ ಧೂಳು ಬೀಳದಿರಲೆಂದು ತಗಡಿನ ಚಾವಣಿ, ಚಾವಣಿಯಿಂದಾಗಿ ಕತ್ತಲಾಯಿತೆಂದು ದೀಪ, ದೀಪ ಹಿಡಿಯಲು ತಮ್ಮಲ್ಲೇ ಕಡೆದ ಮೂರು ಕೀಲಿನ ತೋಳು. ಭಾನುವಾರ ಬೆಳಿಗ್ಗೆ ಊರವರು ಚರ್ಚಿಗೆ ಹೋದಾಗ ನಾನು ತಮ್ಮ ಹಲ್ಲುಗಳ ಸಂದಿನಿಂದ ಲೋಹದ ಸುರುಳಿಗಳನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆಯುತ್ತಿದ್ದೆ. ಬ್ರಷ್ಷು ನನ್ನದೇ.

ಡಲ್ಸಿಯ ಮಗಳು ಬ್ರಾನಿ, ಟ್ರಾಕ್ಟರ್ ಅಂಗಡಿಯಲ್ಲಿ ರಿಪೇರಿ ಕೆಲಸ ಮಾಡುವವಳು, ಒಮ್ಮೆ ಷೆಡ್ಡಿಗೆ ಬಂದು ತಮ್ಮನ್ನು ಸುತ್ತು ಹಾಕಿ ನೋಡಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ವಿಚಾರಣೆ ನಡೆಸಿದಳು.

"ಮಾವ, ಇಷ್ಟು ವರ್ಷದಲ್ಲಿ ಇದ್ರಲ್ಲಿ ಏನೇನ್ ಮಾಡಿದೀಯ?"

"ಒಂದಾ ಎರಡಾ. ಈ ಹಿಡಿ ನೋಡು, ಈ ತಿರುಪು, ಈ ತೋಳು, ಉಳಿ ಕಚ್ಚೋ ಈ ಗಟ್ಟಿ."

"ಇದೆಲ್ಲಾ ಲೇತ್‌ಗೇ ಹಾಕಿರೋದಲ್ವಾ?"

"ಹೂಂ."

"ಬೇರೆ ಯಾರಿಗೂ ಏನೂ ಮಾಡಿಲ್ವಾ?"

"ಯಾಕೆ ಮಾಡಿಲ್ಲ? ಡ್ರಿಲ್ ಮಷಿನ್‌ಗೆ ಒಂದು ಗುಂಡಿ ಮಾಡಿಕೊಟ್ಟೆ."

"ಡ್ರಿಲ್ ಮಷಿನ್ ಯಾಕ್ ತಗೊಂಡೆ?"

"ಲೇತ್ ಭಾಗಗಳಿಗೆ ತೂತು ಕೊರೆಯೋಕೆ."

ಹುಡುಗಿ ಆ ಗುಂಡಿಯನ್ನು ಒಮ್ಮೆ ತಿರುಗಿಸಿ ನೋಡಿದಳು. ಆಮೇಲೆ ತಮ್ಮ ಬೆನ್ನು ತಟ್ಟಿ, "ಜಾಣ ಕಣೋ ನೀನು. ಒಳ್ಳೇ ಆಳನ್ನ ಇಟ್ಕೊಂಡಿದೀಯ," ಎಂದು ತಮಗೇ ಹೇಳಿ ಹೋದಳು. ಅಂದಿನಿಂದ ಅವಳು ನನ್ನನ್ನು ಷೆಡ್ಡಿನಲ್ಲಿ ಕಂಡಾಗಲೆಲ್ಲ ಯಜಮಾನರು ಒಳಗಿದ್ದಾರಾ ಎಂದು ಕೇಳುತ್ತಾಳೆ.

ಈ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಕಡೆಯ ವಸಂತ ಬಂದಾಗ, ಸಾಸಿವೆ ಹೊಲಗಳು ಹಳದಿಯಾಗಿ ಕಣ್ಣಿಗೆ ಹೊಡೆಯುತ್ತಿದ್ದಾಗ, ತಮಗೆ ನಾನು ಸಲ್ಲಿಸಿದ ಕೊನೆಯ ಕಾಣಿಕೆ ಅಂಕಿಬಿಲ್ಲೆ. ಕೈಚಕ್ರದ ಬುಡದಲ್ಲಿ ಗೀಟುಗಳಿರುವ ಆ ದುಂಡು ಬಿಲ್ಲೆ ಉಳಿ ಎಷ್ಟು ಮುಂದೆ ಹೋಯಿತೆಂದು ತೋರಿಸುತ್ತದೆ. ಆದರೆ ಸರಳು ದುಂಡಗಿರುವುದರಿಂದ ಉಳಿ ಒಂದು ಮಿಲಿಮೀಟರು ಒಳಗೆ ಹೋದರೆ ದಪ್ಪದಲ್ಲಿ ಎರಡು ಮಿಲಿಮೀಟರು ಕಡಿಮೆಯಾಗುತ್ತದೆ. ಆದ್ದರಿಂದ ದಪ್ಪದಲ್ಲಿ ತೆಗೆಯಬೇಕಾದ್ದನ್ನು ಅರ್ಧ ಮಾಡಿಕೊಂಡು ಚಕ್ರ ತಿರುಗಿಸಬೇಕು. ಪ್ರತಿ ಸಲ ಮನಸ್ಸಿನಲ್ಲೇ ಅರ್ಧ ಮಾಡುವುದು ನನ್ನಂಥ ಬುದ್ಧಿವಂತನಿಗೆ ಬೇಸರ ತಂದಿದ್ದರಿಂದ, ಅರ್ಧ ಮಾಡುವ ಕೆಲಸವನ್ನು ಬಿಲ್ಲೆಗೇ ಒಪ್ಪಿಸಿಬಿಡೋಣವೆಂದು ಅಂಗೈ ಅಗಲದ ಹೊಸ ಬಿಲ್ಲೆ ಕಡೆದು, ಹಳೆಯದರಲ್ಲಿ ಒಂದು ಎಂದಿದ್ದ ಕಡೆ ಅರ್ಧ ಎಂದು ನನ್ನ ಕೈಯಾರೆ ಕೆತ್ತಿದೆ. ಅಂಕಿಗಳ ಅಂದ ನೋಡಲು ನೆವಿಲ್‌ನನ್ನೂ ಕರೆದೆ. ಅವನು ಕನ್ನಡಕ ತಂದಿರಲಿಲ್ಲ. ಆಮೇಲೆ ಎರಡು ವಾರ ಅದಕ್ಕೆ ಮೆರುಗು ಕೊಡುವುದರಲ್ಲೇ ಕಳೆಯಿತು. ಅದನ್ನು ಕೆಲಸಕ್ಕೆ ಹಚ್ಚುವ ಒರಟು ಆಲೋಚನೆ ನನಗಾಗಲಿ ತಮಗಾಗಲಿ ಬರಲಿಲ್ಲ.

ಇಂತಹ ಸುಭಿಕ್ಷ ಕಾಲದಲ್ಲಿಯೇ ಮೇಳದ ಸಮಿತಿಯ ಸಭೆ ನಡೆದದ್ದು. ಡಲ್ಸಿ ಮೂವತ್ತೊಂದು ವರ್ಷದಿಂದ ಮೇಳದ ಮೂಲೆಯಲ್ಲಿ ಗುಡಾರ ಹಾಕಿ, ಕೆಳಗೆ ಕಟ್ಟಿಗೆ ಉರಿಸಿ, ಹನ್ನೆರಡು ಗ್ಯಾಲನ್ನಿನ ತಾಮ್ರದ ಹಂಡೆಯಲ್ಲಿ ಚಹಾ ಕಾಯಿಸುತ್ತಾಳೆ. ಮಹಿಳಾ ಸಂಘದವರು ಜಾಮು ಕೆನೆ ಹಚ್ಚಿದ ಸ್ಕೋನ್ ಎಂಬ ಪುಟ್ಟ ಬನ್ನು ಕೊಡುತ್ತಾರೆ. ಹಂಡೆಯ ನಲ್ಲಿ ಮಾತ್ರ ಮೂರು ವರ್ಷದಿಂದ ಸೋರುತ್ತಿದೆ. ನಲ್ಲಿಯೊಳಗೆ ತಿರುಗುವ, ಒಂದು ತುದಿ ದಪ್ಪ ಒಂದು ತುದಿ ಸಣ್ಣ ಇರುವ ಹಿತ್ತಾಳೆಯ ಬಿರಟೆ ಸವೆದಿತ್ತು. ಸಮಿತಿಯ ಹೊಸ ಅಧ್ಯಕ್ಷ, ಗೊಬ್ಬರದ ಏಜೆಂಟ್ ಗ್ರಾಂಟ್ ಮೆಲ್ಡ್ರಮ್, ಕಾಗದ ಹಿಡಿದುಕೊಂಡು ಎದ್ದು ನಿಂತ.

"ನೋಡಿ ಡಲ್ಸಿ ಅವರೇ, ಹೋದ ವರ್ಷ ಪಾದ್ರಿಗಳ ಕಾಲು ಸುಟ್ಟಿದ್ದು ನಿಮ್ಮ ಹಂಡೆಯಿಂದ. ಈ ಸಲ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ತಪಾಸಣೆ ಇದೆ. ಒಂದು ಹನಿ ಬಿದ್ರೂ ಆ ಮೂಲೆ ಕಾಫಿ ವ್ಯಾನ್‌ಗೆ ಹೋಗುತ್ತೆ. ಈ ವರ್ಷಕ್ಕೆ ಅಷ್ಟೇ ಅಲ್ಲ, ಅವರು ಐದು ವರ್ಷಕ್ಕೆ ಕೇಳ್ತಿದಾರೆ."

"ಹೊಸ ನಲ್ಲಿ ಹಾಕ್ಸೋಣ ಅಂದ್ರೆ ಹಂಡೆಯ ತೂತಿನ ತಿರುಪಿಗೆ ಯಾವುದೂ ಕೂರಲ್ಲ. ಕರೆಂಟಿನ ಹಂಡೆ ಇಡೋಣ ಅಂದ್ರೆ ಆ ಮೂಲೆಗೆ ತಂತಿನೇ ಎಳೆದಿಲ್ಲ ನೀವು," ಎಂದಳು ಡಲ್ಸಿ. "ಅದಿರ್ಲಿ, ವ್ಯಾನಲ್ಲಿ ಕೂರೋಕೆ ಜಾಗ ಎಲ್ಲಿದೆ?"

"ಕೂರೋದ್ಯಾಕೆ? ಲೋಟ ಹಿಡ್ಕೊಂಡು ಓಡಾಡ್ತಾರೆ."

"ವರ್ಷ ಪೂರ್ತಿ ಓಡಾಡಿದೋರೇ ಕಣಪ್ಪ ನನ್ನ ಹತ್ರ ಬರೋದು."

ಆ ಗುಡಾರದಲ್ಲಿ ನಲವತ್ತು ಕುರ್ಚಿಗಳಿರುವುದು ಎಲ್ಲರಿಗೂ ಗೊತ್ತು. ಮೂವತ್ತು ನಲವತ್ತು ಮೈಲಿ ದೂರದ ಕುರಿ ಹೊಲಗಳಿಂದ ಹೆಂಗಸರು ವರ್ಷಕ್ಕೊಮ್ಮೆ ಬಂದು ಅಲ್ಲಿ ಕೂತು, ನಾಯಿ ಮತ್ತು ಗಂಡ ಬಿಟ್ಟು ಬೇರೊಬ್ಬರೊಡನೆ ಎರಡು ಮಾತಾಡುತ್ತಾರೆ. ಅವರಲ್ಲಿ ಕೆಲವರಿಗೆ ಈಗ ನಾಯಿಯೂ ಇಲ್ಲ, ಗಂಡನೂ ಇಲ್ಲ. ಡಲ್ಸಿಯ ಮುಖ ಬಿಳಿಚಿಕೊಂಡದ್ದನ್ನು ನಾನು ಕಂಡೆ. ಕಂಡವನು ಎದ್ದು ನಿಂತೆ. ನಿಂತವನು ಬಾಯಿ ತೆರೆದೆ. ಇದರಲ್ಲಿ ನನ್ನ ತಪ್ಪಿದ್ದರೆ ಇಷ್ಟೇ.

"ಗುರುವಾರದೊಳಗೆ ಬಿರಟೆ ನನ್ನ ಕೈಯಿಂದ ತಗೊಳ್ಳಿ," ಎಂದೆ. "ನನ್ನ ಲೇತಲ್ಲಿ ಕೂದಲನ್ನ ಬೇಕಾದ್ರೂ ಕಡೆದು ಕೊಡ್ತೀನಿ."

ಹಿಂದಿನ ಸಾಲಿನಿಂದ ಬ್ರಾನಿ, "ಯಜಮಾನರನ್ನ ಒಂದು ಮಾತು ಕೇಳಿದ್ಯಾ ಮಾವ?" ಎಂದಳು. ಜನ ನಕ್ಕರು. ಡಲ್ಸಿ ನಗಲಿಲ್ಲ. "ಲೋ ಆರ್ಚಿ, ಬೇರೆ ಯಾವುದಾದ್ರೂ ವಿಷಯದಲ್ಲಿ ಬೇಕಾದ್ರೆ ಜಂಬ ಕೊಚ್ಕೋ. ಇದು ನಂಗೆ ಬೇಕಾಗಿರೋದು," ಎಂದಳು. ನಾನು ಎದೆ ಮುಟ್ಟಿಕೊಂಡು ಮಾತು ಕೊಟ್ಟೆ. ಅಂದರೆ, ಮಾನ್ಯರೇ, ತಮ್ಮ ಪರವಾಗಿ ಕೊಟ್ಟೆ.

ಆ ಮೇಲಿನದನ್ನು ತಾವು ಬಲ್ಲಿರಿ, ಬೇಕರಿಯವರು ಬಲ್ಲವರಲ್ಲ. ಬುಧವಾರ ತಮ್ಮ ಮುಖದಲ್ಲಿ ಹಳೆಯ ಬಿರಟೆಯನ್ನೇ ಕಚ್ಚಿಸಿದೆ, ಸವೆದ ಗೀರುಗಳನ್ನು ಕೂದಲೆಳೆಯಷ್ಟು ಸವರಿದರೆ ಸಾಕಾದೀತೆಂದು. ಹೊಸ ಬಿಲ್ಲೆಯಲ್ಲಿ ಒಂದೇ ಒಂದು ಗೀಟು ತಿರುಗಿಸಿದೆ. ತಾವು ಕೂದಲೆಳೆ ಕೇಳಿದವನಿಗೆ ಜಡೆಯನ್ನೇ ಕೊಟ್ಟಿರಿ. ಬಿರಟೆ ನಲ್ಲಿಯಲ್ಲಿ ಲೊಡಲೊಡ ಎನ್ನತೊಡಗಿತು. ಹಳೆಯ ಹಿತ್ತಾಳೆ, ಮೆದುವಾಗಿದೆ ಎಂದುಕೊಂಡೆ. ಗುರುವಾರ ನನ್ನಲ್ಲಿದ್ದ ಒಂದೇ ಒಂದು ಹೊಸ ಹಿತ್ತಾಳೆ ಸರಳನ್ನು ಕಚ್ಚಿಸಿದೆ. ಓರೆ ಹೊಂದಿಸಿದೆ, ಒರಟಾಗಿ ಕಡೆದೆ, ಅಲ್ಲಿಯವರೆಗೆ ಕಣ್ಣಂದಾಜು, ಎಲ್ಲ ಸರಿಯಾಗಿತ್ತು. ಒಮ್ಮೆ ಅಳೆದೆ. ದಪ್ಪದಲ್ಲಿ ಇನ್ನು ಅರ್ಧ ಮಿಲಿಮೀಟರು ತೆಗೆದರೆ ಮುಗಿಯಿತು. ಬಿಲ್ಲೆಯಲ್ಲಿ ಅರ್ಧ ಎಂದಿರುವಲ್ಲಿಗೆ ಚಕ್ರ ತಿರುಗಿಸಿ, ಕೈಕಟ್ಟಿ ನಿಂತೆ. ತಾವು ಹೂಂಕರಿಸಿದಿರಿ. ಹಿತ್ತಾಳೆಯ ಚೂರುಗಳು ಆಲಿಕಲ್ಲಿನಂತೆ ಕಿಟಕಿಗೆ ಬಡಿದವು. ಇಷ್ಟೊಂದು ಬರಬಾರದಲ್ಲ ಎಂದು ಬೇರೆಯವರಿಗೆ ಅನ್ನಿಸಬಹುದಿತ್ತು. ನನಗೆ ಅನ್ನಿಸಿದ್ದು, ಐದು ವರ್ಷದ ಸೇವೆ ಸಾರ್ಥಕವಾಯಿತು, ಏನು ಶಕ್ತಿ ಬಂದಿದೆ ಈ ಮಹಾರಾಯನಿಗೆ ಎಂದು. ಮುಗಿದ ಮೇಲೆ ಮತ್ತೊಮ್ಮೆ ಅಳೆಯುವುದು ಹಾಗಿರಲಿ, ಅಂಥ ಬಿಲ್ಲೆ ಇಟ್ಟುಕೊಂಡು ಅಳೆದರೆ ತಮಗೆ ಅಪನಂಬಿಕೆ ತೋರಿಸಿದಂತೆ ಆದೀತೆಂದು ಅಳತೆಯ ಕ್ಯಾಲಿಪರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ. ಬಿರಟೆಗೆ ನೀರಿನ ತೂತು ಕೊರೆದೆ, ಮೆರುಗು ಕೊಟ್ಟೆ, ಕರವಸ್ತ್ರದಲ್ಲಿ ಸುತ್ತಿದೆ.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಗುಡಾರದಲ್ಲಿ ನಾನು ಕರವಸ್ತ್ರ ಬಿಚ್ಚಿದಾಗ ಸ್ಕೋನ್ ಹಿಟ್ಟು ಕಲಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಬಂದು ನೋಡಿದರು. ಅಷ್ಟು ಚಂದವಿತ್ತು ಅದು. ನಲ್ಲಿಯ ಮೇಲಿನಿಂದ ಇಳಿಬಿಟ್ಟೆ. ಅದು ಮೇಲಿನಿಂದ ಒಳಗೆ ಹೋಗಿ, ಎಲ್ಲೂ ತಡೆಯದೆ, ಕೆಳಗಿನಿಂದ ಹೊರಗೆ ಬಂದು, ಹುಲ್ಲಿನ ಮೇಲೆ ಉರುಳಿ, ಡಲ್ಸಿಯ ಬೂಟಿನ ಬಳಿ ನಿಂತಿತು.

ಡಲ್ಸಿ ಬಗ್ಗಿ ಅದನ್ನೆತ್ತಿಕೊಂಡು ಒರೆಸಿ, "ಹಳೇದು ಕೊಡು, ಅದನ್ನೇ ಹಾಕೋಣ," ಎಂದಳು. ಹಳೆಯದರ ಕಥೆ ಹೇಳಿದೆ. ಆಗ ಬ್ರಾನಿ ಹೇಳಿದ ಮಾತನ್ನು ತಾವೂ ಕೇಳಿಸಿಕೊಳ್ಳಬೇಕು.

"ಅಯ್ಯೋ ಮಾವ, ಅದಕ್ಕೆ ಲೇತ್ ಯಾಕೆ ಬೇಕಿತ್ತು? ಅಂಗಡೀಲಿ ವ್ಯಾಲ್ವ್ ತಿಕ್ಕೋ ಪೇಸ್ಟು ಡಬ್ಬಿಗಟ್ಟಲೆ ಬಿದ್ದಿದೆ. ಒಂದು ಚೂರು ಹಚ್ಚಿ ಅದರ ಗೂಡಲ್ಲೇ ಕೈಯಿಂದ ಇಪ್ಪತ್ತು ನಿಮಿಷ ಆ ಕಡೆ ಈ ಕಡೆ ತಿರುಗ್ಸಿದ್ರೆ ಸರಿಹೋಗ್ತಿತ್ತು. ನಾವು ದಿನಾ ಮಾಡ್ತೀವಿ."

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ?"

"ನೀನೆಲ್ಲಿ ಕೇಳ್ದೆ? ಸಭೇಲಿ ಕೂದಲು ಕಡೀತಾ ಇದ್ದೆ."

ನೆವಿಲ್‌ನ ಮನೆಗೆ ಓಡಿದೆ. ಅವನ ಬಳಿ ಜರ್ಮನಿಯ ಲೇತ್ ಇದೆ, ಅದರ ಅಂದಕ್ಕೆ ತಾವು ಸಮವಲ್ಲವೆಂದು ಮೊದಲ ಸಲ ಬಹಿರಂಗವಾಗಿ ಒಪ್ಪುತ್ತೇನೆ. ಆದರೆ ಅದು ಅವನ ಊಟದ ಮೇಜಿನ ಮೇಲೆ, ಪತ್ರಿಕೆಯ ಹಾಳೆಗಳ ಮೇಲೆ, ನೂರಾ ಐವತ್ತು ತುಂಡುಗಳಾಗಿ ಮಲಗಿತ್ತು. ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯುತ್ತಾನಂತೆ, ಬಳಸಿರಲಿ ಬಳಸದಿರಲಿ. ನನ್ನ ಹಳೆಯ ಬಿರಟೆ, ಹೊಸ ಬಿರಟೆ ಎರಡನ್ನೂ ಅಳೆದು ನೋಡಿದ. ಆಮೇಲೆ ನನ್ನ ಷೆಡ್ಡಿಗೆ ಬಂದ, ಈ ಸಲ ಕನ್ನಡಕ ಹಾಕಿಕೊಂಡು.

"ಕೊನೇಲಿ ಎಷ್ಟು ತೆಗೀಬೇಕಿತ್ತು?"

"ಅರ್ಧ."

"ಎರಡು ಹೋಗಿದೆ. ಬೇಕಾದ್ದರ ನಾಲ್ಕು ಪಟ್ಟು." ಬಿಲ್ಲೆಯ ಹತ್ತಿರ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. "ಆರ್ಚಿ, ಉಳಿ ಒಂದು ಹೋದ್ರೆ ದಪ್ಪ ಎರಡು ಹೋಗುತ್ತೆ. ಹಳೇ ಒಂದರ ಜಾಗದಲ್ಲಿ ಎರಡು ಅಂತ ಕೆತ್ತಬೇಕಿತ್ತು. ನೀನು ಅರ್ಧ ಅಂತ ಕೆತ್ತಿದೀಯ."

"ಅರ್ಧ ಮಾಡ್ಬೇಕು ಅಂತ ನೀನೇ ತಾನೆ ಹೇಳ್ಕೊಟ್ಟಿದ್ದು?"

"ಅದು ನೀನು ಮಾಡ್ಬೇಕಾಗಿದ್ದು ಮಾರಾಯ, ಅದಕ್ಕೆ ಮಾಡ್ಸೋದಲ್ಲ." ಬಿಲ್ಲೆಯನ್ನು ಹೆಬ್ಬೆರಳಿನಿಂದ ಸವರಿ, "ಕೆತ್ತನೆ ಚೆನ್ನಾಗಿದೆ," ಎಂದ.

ಮಾನ್ಯರೇ, ನನ್ನ ದೂರು ಇದೇ. ತಾವು ಕೆಟ್ಟಿದ್ದರೆ ಕ್ಷಮಿಸುತ್ತಿದ್ದೆ. ತಾವು ನಡುಗಿದ್ದರೆ, ಸುಳ್ಳು ಹೇಳಿದ್ದರೆ, ಸುಟ್ಟುಹೋಗಿದ್ದರೆ ಊರವರ ಮುಂದೆ ತಮ್ಮ ಕಡೆ ಬೆರಳು ತೋರಿಸಿ ಪಾರಾಗುತ್ತಿದ್ದೆ. ತಾವಾದರೋ ನಾನು ತಿರುಗಿಸಿದಷ್ಟೇ, ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಡಿಮೆಯಿಲ್ಲ, ಅಷ್ಟನ್ನೇ ಕಡೆದುಕೊಟ್ಟಿರಿ. ಐದು ವರ್ಷ ತಮ್ಮನ್ನು ನಿಖರವಾಗಿಸಲು ನಾನು ದುಡಿದದ್ದು ನನ್ನ ತಪ್ಪನ್ನು ಇಷ್ಟು ನಿಖರವಾಗಿ ತೋರಿಸಿಕೊಡಲೆಂದಲ್ಲ. ಹಳೆಯ ಕಾಲದ ಸಡಿಲ ಯಂತ್ರವಾಗಿದ್ದರೆ ನನ್ನ ತಪ್ಪೂ ಅದರ ತಪ್ಪೂ ಎಲ್ಲೋ ನಡುವೆ ಭೇಟಿಯಾಗಿ ಬಿರಟೆ ಸರಿಹೊಂದಿಬಿಡುವ ಸಂಭವವಾದರೂ ಇತ್ತು. ಆದ್ದರಿಂದ ಇನ್ನು ಮುಂದೆ ನಾನು ಸಭೆಯಲ್ಲಿ ಎದ್ದು ನಿಂತ ಕ್ಷಣ ತಾವು ಷೆಡ್ಡಿನಿಂದಲೇ ಕೆಮ್ಮಬೇಕೆಂದೂ, ನಾನು ತಪ್ಪು ಅಂಕಿಗೆ ಚಕ್ರ ತಿರುಗಿಸಿದರೆ ಮರ್ಯಾದೆಯಿಂದ ಕೈ ಬಿಡಿಸಿಕೊಳ್ಳಬೇಕೆಂದೂ, ವರ್ಷಕ್ಕೆ ಒಂದು ವಸ್ತುವನ್ನಾದರೂ ತಮ್ಮ ಮೈಗೆ ತೊಡದೆ ಹೊರಗೆ ಬಿಟ್ಟುಕೊಡಬೇಕೆಂದೂ ಕೈಮುಗಿದು ಕೇಳಿಕೊಳ್ಳುತ್ತೇನೆ.

ನಾನು ಬರಿಗೈಯಲ್ಲಿ ಗುಡಾರಕ್ಕೆ ಮರಳಿದಾಗ ಒಂಬತ್ತೂವರೆ. ವ್ಯಾನಿನವನು ಗೇಟಿನ ಬಳಿ ಬಂದು, ಎಂಜಿನ್ ಆರಿಸದೆ, ಜಾಗ ಖಾಲಿಯಾಗಲೆಂದು ಕಾಯುತ್ತಿದ್ದ. ಮಾರ್ಚ್ ತಿಂಗಳಲ್ಲಿ ಗಂಡನನ್ನು ಕಳೆದುಕೊಂಡ ಎನಿಡ್ ಹಾಕಿಂಗ್ ನಲವತ್ತು ಮೈಲಿ ಓಡಿಸಿಕೊಂಡು ಬಂದು, ಇನ್ನೂ ಬಿಚ್ಚದ ಕುರ್ಚಿಯೊಂದನ್ನು ತಾನೇ ಬಿಚ್ಚಿ ಕೂತಿದ್ದಳು. ಏನು ಹೇಳುವುದೆಂದು ನಾನು ಟೋಪಿ ತಿರುಗಿಸುತ್ತಿರುವಾಗ ಡಲ್ಸಿ ಗುಡಾರದ ಹಿಂದೆ ಹೋದಳು. ಹಗ್ಗ ಕಟ್ಟಿದ್ದ ಮರದ ಗೂಟವೊಂದನ್ನು ಕಿತ್ತು ತಂದಳು. ಗೂಟವೆಂದ ಮೇಲೆ ಒಂದು ತುದಿ ದಪ್ಪ, ಒಂದು ತುದಿ ಚೂಪು. ಬ್ರೆಡ್ಡು ಕೊಯ್ಯುವ ಚಾಕುವಿನಿಂದ ಮಣ್ಣು ಕೆರೆದು, ನಾಲ್ಕು ಕಡೆ ಹೆರೆದು, ನಲ್ಲಿಯನ್ನೇ ತಿರುಪಿ ತೆಗೆದು ಬಿಸಾಡಿ, ಹಂಡೆಯ ತೂತಿಗೆ ಗೂಟವಿಟ್ಟು ಲಟ್ಟಣಿಗೆಯಿಂದ ಮೂರು ಏಟು ಹೊಡೆದಳು. ನೀರು ಹುಯ್ದಾಗ ನಾಲ್ಕೈದು ಹನಿ ಜಿನುಗಿತು. ಮರ ನೀರು ಕುಡಿದು ಉಬ್ಬಿತು. ಜಿನುಗುವುದು ನಿಂತಿತು. ಎಲ್ಲ ಸೇರಿ ಆರು ನಿಮಿಷ. ನಾನು ಅಳೆಯಲಿಲ್ಲ, ಬ್ರಾನಿ ಗಡಿಯಾರ ನೋಡಿಕೊಂಡು ನನಗೆ ಕೇಳಿಸುವಂತೆ ಎಣಿಸಿದಳು.

ಹತ್ತು ಗಂಟೆಗೆ ತಪಾಸಣೆಯವರು ಬಂದು ಹಂಡೆಯ ಕೆಳಗೆ ಬಿಳಿ ಕಾಗದ ಹಾಸಿ ಕಾಲು ಗಂಟೆ ನಿಂತರು. ಕಾಗದ ಒಣಗಿಯೇ ಇತ್ತು.

"ನಲ್ಲಿನೇ ಇಲ್ವಲ್ರೀ ಇದಕ್ಕೆ," ಎಂದ ಗ್ರಾಂಟ್.

"ಸೋರಬಾರದು ಅಂದ್ರಿ. ಸೋರ್ತಿಲ್ಲ. ನಲ್ಲಿ ಇರಬೇಕು ಅಂತ ಎಲ್ಲಿ ಬರೆದಿದೆ ತೋರ್ಸಿ," ಎಂದಳು ಡಲ್ಸಿ.

ಗ್ರಾಂಟ್ ಕಾಗದವನ್ನು ಎರಡೂ ಕಡೆ ತಿರುಗಿಸಿ ನೋಡಿದ. ತಪಾಸಣೆಯವರು ಸಹಿ ಹಾಕಿ ಒಂದು ಸ್ಕೋನ್ ತೆಗೆದುಕೊಂಡರು. ವ್ಯಾನಿಗೆ ಕೋಳಿಗಳ ಕೊಟ್ಟಿಗೆಯ ಪಕ್ಕ ಜಾಗ ಸಿಕ್ಕಿತು.

ನಲ್ಲಿಯಿಲ್ಲದ ಹಂಡೆಯಿಂದ ಚಹಾ ತೆಗೆಯುವುದು ಹೇಗೆ? ಡಲ್ಸಿ ಉದ್ದ ಹಿಡಿಯ ಸೌಟೊಂದನ್ನೂ ಒಂದು ದೊಡ್ಡ ಕುಡಿಕೆಯನ್ನೂ ನನ್ನ ಕೈಗೆ ಕೊಟ್ಟು, ಎರಡು ದಿನ ನೀನು ಇಲ್ಲಿಂದ ಕದಲಕೂಡದು ಎಂದು ತೀರ್ಪು ಕೊಟ್ಟಳು. ಹೀಗೆ ನಾನು ಸೌಟಿನಲ್ಲಿ ಮೊಗೆದುಕೊಂಡು, ಕುಡಿಕೆ ಹೊತ್ತು, ಒಂದೊಂದು ಕುರ್ಚಿಯ ಬಳಿಗೂ ಹೋಗಿ, ಲೋಟ ತುಂಬಿಸಿ, ಹಾಲು ಬೇಕಾ, ಸಕ್ಕರೆ ಎಷ್ಟು, ನಿಮ್ಮ ಕಡೆ ಮಳೆ ಹೇಗೆ ಎಂದು ಕೇಳುತ್ತಾ ಎರಡು ದಿನ ಸುತ್ತಿದೆ. ಶನಿವಾರ ಮಧ್ಯಾಹ್ನ ಎನಿಡ್ ಹಾಕಿಂಗ್ ನಾಲ್ಕನೇ ಲೋಟ ಚಾಚಿದಾಗ, ಮುಂದಿನ ವರ್ಷ ಖಂಡಿತ ಒಳ್ಳೆಯ ನಲ್ಲಿ ಮಾಡಿಕೊಡುತ್ತೇನೆಂದು ನನ್ನ ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು.

"ಮಾಡ್ಬೇಡ ಆರ್ಚಿ," ಎಂದಳು ಅವಳು. "ನಲ್ಲಿ ಇದ್ದಾಗ ಎಲ್ಲಾರೂ ಅವರವರೇ ಹಿಡ್ಕೊಂಡು ಹೋಗಿ ಕೂರ್ತಿದ್ವಿ. ಎರಡು ಸಕ್ಕರೇನಾ ಅಂತ ನನ್ನ ಯಾರಾದ್ರೂ ಕೇಳಿ ಏಳು ತಿಂಗಳಾಗಿತ್ತು."

ಕೊಟ್ಟ ಮಾತನ್ನು ನಾನು ಅಲ್ಲೇ ಹಿಂದಕ್ಕೆ ತೆಗೆದುಕೊಂಡೆ. ಇದಕ್ಕೆ ಸಾಕ್ಷಿಯಾಗಿ ಬ್ರಾನಿ ದಿನಾಂಕ ಬರೆದಿಟ್ಟುಕೊಂಡಿದ್ದಾಳೆ. ಎರಡು ಸಕ್ಕರೆ ಹಾಕಿ ಕಲಕಿ ಕೊಟ್ಟೆ. ಪಕ್ಕದಲ್ಲಿ ಖಾಲಿ ಕುರ್ಚಿಯಿತ್ತು, ಕೂತೆ. ಡಲ್ಸಿ ದೂರದಿಂದ ನೋಡಿದಳು, ಏಳು ಎನ್ನಲಿಲ್ಲ.

ಹಂಡೆಗೆ ಗೂಟವೇ ಇರಲಿ ಎಂದು ಸಂಘದವರು ನಿರ್ಣಯ ಮಾಡಿದ್ದಾರೆ. ಆದಕಾರಣ ತಮಗೆ ಹೊರಗಿನ ಮೊದಲನೇ ಕೆಲಸ ಸಿಕ್ಕಷ್ಟೇ ಬೇಗ ಕೈತಪ್ಪಿದೆಯೆಂದು ವಿಷಾದದಿಂದ ತಿಳಿಸುತ್ತಾ, ಎಣ್ಣೆ, ಬ್ರಷ್ಷು, ಬಲ್ಬು ಎಂದಿನಂತೆ ಮುಂದುವರಿಯುವುವೆಂದು ಭರವಸೆ ಕೊಡುತ್ತೇನೆ.

ಅಳತೆ ಮೀರಿಯೂ
ತಮ್ಮ ವಿಶ್ವಾಸಿ,
ಆರ್ಚಿ ಪೆಂಗಲಿ

ಮರೆತ ಮಾತು: ಕೋಳಿ ಕೊಟ್ಟಿಗೆಯ ಪಕ್ಕದಲ್ಲಿದ್ದ ಕಾಫಿ ವ್ಯಾನಿನವನ ಯಂತ್ರದಲ್ಲಿ ಯಾವುದೋ ಹಿತ್ತಾಳೆಯ ಬಿರಟೆ ಸವೆದಿದೆಯಂತೆ. ಇಂದು ಬೆಳಿಗ್ಗೆ ಗ್ರಾಂಟ್ ಮೆಲ್ಡ್ರಮ್ ಅವರೇ ಅದನ್ನು ಹಿಡಿದುಕೊಂಡು ಮನೆಗೆ ಬಂದು, "ಆರ್ಚಿ ಅವರೇ, ನಿಮ್ಮ ಲೇತಲ್ಲಿ ಇದೊಂದು ಆಗುತ್ತಾ?" ಎಂದು ಕೇಳಿದರು. ಸಂತೋಷದಿಂದ ಒಪ್ಪಿಕೊಂಡಿದ್ದೇನೆ. ಆ ಕೆಲಸ ಮುಗಿಯುವವರೆಗೆ ದಯವಿಟ್ಟು ತಮ್ಮ ಅಂಕಿಬಿಲ್ಲೆಯನ್ನು ತಿದ್ದುವ ನೆಪದಲ್ಲೂ ನೆವಿಲ್‌ಗೆ ಮುಟ್ಟಗೊಡಬೇಡಿ.